ಕೋಟೆಯೂ ಉಪವನವೂ: ಒಂದು ಔಚಿತ್ಯವಿಚಾರ

೧

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಉದ್ಯಾನವರ್ಣನೆಯೂ ಬೇರೆಬೇರೆಯಾಗಿಯೇ ಎಣಿಕೆಗೊಂಡಿವೆ. ಕನ್ನಡದ ಚಂಪೂಕವಿಗಳು ಪುರವನ್ನು ಬಣ್ಣಿಸಹೊರಟಾಗ ಬಹುಮಟ್ಟಿಗೆ ಒಂದು ಕ್ರಮವನ್ನು ಅನುಸರಿಸುವರು. ವಾಚಕನು ದಾರಿಗನಂತೆ ಹೊರಗಿನಿಂದ ಒಳಕ್ಕೆ ಬರುವನು. ಮೊದಲು ಗದ್ದೆಬಯಲು ಕೆರೆಗಳು. ಬಳಿಕ ಊರ ಹೊರಗಣ ಉಪವನ. ಅನಂತರ ತಾವರೆ ತುಂಬಿದ ಅಗಳು. ಅದರಾಚೆಗೆ ಮುಗಿಲು ಮುಟ್ಟುವ ಕೋಟೆ, ಹೆಬ್ಬಾಗಿಲು, ಅಂಗಡಿಬೀದಿ, ಅರಮನೆ. ಉಪವನವು ಅಗಳಿನ ಹೊರದಡದಲ್ಲಿ ನಿಲ್ಲುವುದೇ ಹೊರತು ಕೋಟೆಯ ಗೋಡೆಯನ್ನು ಹತ್ತುವುದಿಲ್ಲ.

ಇದು ಕೇವಲ ಕವಿಸಮಯವೆಂದು ತಳ್ಳಿಹಾಕತಕ್ಕುದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ಬೇಸಗೆಯ ಅರಮನೆಯೂ ಅದರ ತೋಟವೂ ಕೋಟೆಯ ಹೊರಗೆ, ಮೂಡಲ ಕಡೆಗೆ ಇವೆ. ಕೋಟೆಯು ಕಾವಲಿನ ಸ್ಥಳ, ಉಪವನವು ವಿಹಾರದ ಸ್ಥಳ ಎಂಬ ವಿವೇಕವು ಕವಿಗಿದ್ದಂತೆಯೇ ಕೋಟೆಯನ್ನಾಳಿದ ದೊರೆಗೂ ಇದ್ದಿತು.

ಈಗ ಕಾವಲಿನ ಕಾಲ ಕಳೆದುಹೋಗಿದೆ. ಹಳೆಯ ಪಟ್ಟಣಗಳ ಕೋಟೆಗಳನ್ನು ಸಾರ್ವಜನಿಕ ಉದ್ಯಾನಗಳನ್ನಾಗಿ ಮಾಡುವ ವಿಚಾರ ಅನೇಕ ದೇಶಗಳಲ್ಲಿ ಎದ್ದು, ಕೆಲವೆಡೆ ಕಾರ್ಯವಾಗಿ, ಕನ್ನಡ ನಾಡಿಗೂ ಬಂದಿದೆ. ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಹಾಳುಬಿದ್ದ ಗೋಡೆಗಿಂತ ಹಸುರಾದ ತೋಟ ಮೇಲಲ್ಲವೆ ಎನ್ನುವುದು ಒಂದು. ಇತಿಹಾಸದ ಮೇಲೆ ಹುಲ್ಲು ಹಾಸುವುದು ಇತಿಹಾಸವನ್ನು ಹೂಳಿದಂತೆಯೇ ಸರಿ ಎನ್ನುವುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಸಾಲವು. ಕೋಟೆಯನ್ನು ಉದ್ಯಾನ ಮಾಡುವುದು ಒಂದು ಕೃತಿಯನ್ನು ಇನ್ನೊಂದಾಗಿ ಬರೆಯುವ ಕೆಲಸವಾದುದರಿಂದ, ಕಾವ್ಯವನ್ನು ಅಳೆಯುವ ಔಚಿತ್ಯವೆಂಬ ಅಳತೆಗೋಲಿನಿಂದಲೇ ಅದನ್ನೂ ಅಳೆಯಬಹುದು.

೨

ಹಾಸನ ಸೀಮೆಯ ಪಟ್ಟಣಗಳು ಈ ವಿಚಾರಕ್ಕೆ ತಕ್ಕ ನಿದರ್ಶನಗಳು. ಹೊಳೆನರಸೀಪುರದ ಕೋಟೆಯನ್ನು ೧೧೬೮ರಲ್ಲಿ ಒಬ್ಬ ನಾಯಕನು ಕಟ್ಟಿಸಿದನೆಂದೂ, ೧೬೬೭ರಲ್ಲಿ ಅದು ಮೈಸೂರಿನವರ ವಶವಾಯಿತೆಂದೂ ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರು ತಿಳಿಸುವುದು. ಅರಕಲಗೂಡನ್ನು ೧೫೬೮ರ ಸುಮಾರಿನಲ್ಲಿ ಐಗೂರು ಮನೆತನದ ಕೃಷ್ಣಪ್ಪನಾಯಕನು ನೆಲೆಗೊಳಿಸಿ, ಸೂರ್ಯನ ಊರೆಂಬ ಅರ್ಥದಲ್ಲಿ ಅರ್ಕಪುರಿಯೆಂದು ಕರೆದನಂತೆ. ಚನ್ನರಾಯಪಟ್ಟಣವು ಮೊದಲು ಕೊಳತೂರೆಂಬ ಅಗ್ರಹಾರವಾಗಿದ್ದು, ೧೬೦೦ರ ಸುಮಾರಿನಲ್ಲಿ ಹೊಳೆನರಸೀಪುರದ ಪಾಳೆಯಗಾರನು ಅದನ್ನು ಚನ್ನರಾಯನೆಂಬ ತನ್ನ ಮಗನಿಗೆ ಕೊಟ್ಟ ಮೇಲೆ ಈಗಿನ ಹೆಸರನ್ನು ಪಡೆಯಿತು. ಅಲ್ಲಿಯ ಕೋಟೆಯನ್ನು ಕಟ್ಟಿಸಿದವನು ದೊಡ್ಡಬಸವಯ್ಯ. ಬಳಿಕ ಹೈದರಾಲಿಯು ಅದನ್ನು ದುರಸ್ತಿಮಾಡಿಸಿ ನೀರಿನ ಅಗಳನ್ನೂ ಅಡ್ಡಗೋಡೆಯ ಬಾಗಿಲುಗಳನ್ನೂ ಸೇರಿಸಿದನು. ಹಾಸನ ಪಟ್ಟಣವಾದರೋ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಹೆಸರನ್ನು ಹೊತ್ತು, ೧೮೬೬ರಲ್ಲಿ ಜಿಲ್ಲೆಯು ಏರ್ಪಟ್ಟ ಮೇಲೆ ಕಚೇರಿ ಶಾಲೆ ಆಸ್ಪತ್ರೆಗಳ ಊರಾಗಿ ಬೆಳೆಯಿತು. ಅಲ್ಲಿಯ ಮಹಾರಾಜ ಉದ್ಯಾನವು ಈ ಹೊಸ ಊರಿನ ಆಸ್ತಿ.

ಪಾಳೆಯಗಾರರ ಇಂಥ ಕೋಟೆಗಳು ಚಿತ್ರದುರ್ಗದ ಕಲ್ಲುಕೋಟೆಯ ಜಾತಿಗೆ ಸೇರಿದವಲ್ಲ. ಬಯಲುಸೀಮೆಯ ಪಟ್ಟಣದ ಕೋಟೆಯೆಂದರೆ ಸಾಮಾನ್ಯವಾಗಿ ಅಗಳನ್ನು ತೋಡಿದ ಮಣ್ಣನ್ನೇ ಒಳದಡಕ್ಕೆ ಎತ್ತಿ ಹಾಕಿ, ತುಳಿಸಿ, ಅಲ್ಲಲ್ಲಿ ಕಲ್ಲು ಕಟ್ಟಿ ನಿಲ್ಲಿಸಿದ ಏರಿ. ಅಗಳು ಎಷ್ಟು ಆಳವೋ ಗೋಡೆ ಅಷ್ಟು ಎತ್ತರ. ಆದುದರಿಂದ ಮಣ್ಣುಕೋಟೆಯಲ್ಲಿ ಅಗಳೂ ಗೋಡೆಯೂ ಒಂದು ವಾಕ್ಯದ ಎರಡು ಪದಗಳು. ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಅರ್ಥ ಕೆಡುವುದು. ಅಗಳು ತುಂಬಿದ ಮೇಲೆ ಗೋಡೆಯು ಬರಿಯ ದಿಬ್ಬ. ಗೋಡೆ ಹೋದ ಮೇಲೆ ಅಗಳು ಬರಿಯ ಹಳ್ಳ, ಅಥವಾ ಊರಿನ ಬಚ್ಚಲ ನೀರಿನ ಕಾಲುವೆ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ಕೋಟೆಗಳಿಗೆ ಕೆಲಸವಿಲ್ಲವಾಯಿತು. ಕೆಲಸವಿಲ್ಲದ ಗೋಡೆಗೆ ಕಾವಲಿಲ್ಲ. ಕಾವಲಿಲ್ಲದ ಗೋಡೆಯ ಕಲ್ಲು ಮನೆಯ ಅಡಿಪಾಯಕ್ಕೂ, ಮಣ್ಣು ಹೊಲದ ಗೊಬ್ಬರಕ್ಕೂ ಹೋಗುವುದು ಲೋಕರೂಢಿ. ಇದನ್ನು ಜನರ ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. ಕೋಟೆ ಕಟ್ಟುವಾಗ ಮಣ್ಣು ಹೊತ್ತವರು ಊರಿನ ಬಡಜನರೇ. ಅನೇಕ ವೇಳೆ ಬಿಟ್ಟಿಯಾಗಿ ಹೊತ್ತರು. ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿಗೊಟ್ಟಳೆಂಬ ಬೆಂಗಳೂರಿನ ಐತಿಹ್ಯವು ಕಟ್ಟುಕಥೆಯಾದರೂ ಆಗಲಿ, ಕೋಟೆಯೆಂಬುದು ಯಾರ ಪ್ರಾಣದ ಮೇಲೆ ನಿಲ್ಲುವುದೆಂಬುದನ್ನು ಜನಪದವು ಮರೆತಿಲ್ಲವೆಂಬುದಕ್ಕೆ ಸಾಕ್ಷಿ. ಆಕೆಯ ಸ್ಮಾರಕವು ಈಗ ಕೋರಮಂಗಲದ ಒಂದು ಉದ್ಯಾನದಲ್ಲಿದೆ. ಹೀಗೆ ಹೊತ್ತವರ ಮಕ್ಕಳು ಮೊಮ್ಮಕ್ಕಳು ಆ ಮಣ್ಣನ್ನು ಹಿಂದಕ್ಕೆ ಪಡೆದರೆ ತಪ್ಪೇನೆಂಬ ಪ್ರಶ್ನೆಗೆ ಉತ್ತರ ಹೇಳದೆ ಕೋಟೆಯ ಸಂರಕ್ಷಣೆಯ ಮಾತೆತ್ತುವುದು ಸುಲಭವಲ್ಲ.

ಸಾರ್ವಜನಿಕ ಉದ್ಯಾನವೇ ಈ ಪ್ರಶ್ನೆಗೆ ದೊರೆಯುವ ಉತ್ತಮವಾದ ಉತ್ತರ. ಒಬ್ಬೊಬ್ಬರು ಒಂದೊಂದು ಬುಟ್ಟಿ ಮಣ್ಣನ್ನು ಒಯ್ಯುವುದರ ಬದಲು ಇಡಿಯ ಕೋಟೆಯನ್ನು ಇಡಿಯ ಊರೇ ಹಿಂದಕ್ಕೆ ಪಡೆಯುವ ರೀತಿ ಅದು. ಆದರೆ ಹಿಂದಕ್ಕೆ ಪಡೆದದ್ದು ಕೋಟೆಯಾಗಿಯೇ ಇರಬೇಕು. ತೊಂದರೆಯಿರುವುದು ಇಲ್ಲಿಯೇ.

೩

ಅನ್ಯಕೃತಿಯೊಂದನ್ನು ಕನ್ನಡಕ್ಕೆ ತರುವವನು ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ವಿಚಾರ ಕನ್ನಡ ವಿಮರ್ಶೆಗೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವು ಸೋಫೋಕ್ಲಿಸನ ‘ಏಜಾಕ್ಸ್’ ಎಂಬ ಗ್ರೀಕ್ ರುದ್ರನಾಟಕದ ಮೇಲೆ ನಿಂತಿರುವುದು. ಅಲ್ಲಿ ಗ್ರೀಕ್ ವೀರನ ಸ್ಥಾನದಲ್ಲಿ ಭಾರತದ ದ್ರೋಣಪುತ್ರನಿದ್ದಾನೆ. ದೇವತೆಗಳು ಬೇರೆ, ಯುದ್ಧವು ಬೇರೆ, ಭಾಷೆಯು ಬೇರೆ. ಆದರೂ ಅವಮಾನಿತನಾದ ವೀರನು ತನ್ನ ಕೋಪಕ್ಕೆ ತಾನೇ ತುತ್ತಾಗುವ ಮೂಲರೇಖೆಯು ಉಳಿದಿರುವುದರಿಂದ ಅದು ರೂಪಾಂತರವೆನಿಸುವುದು. ರೇಖೆಯನ್ನು ಬಿಟ್ಟು ಹೆಸರನ್ನಷ್ಟೇ ಉಳಿಸಿದ್ದರೆ ಅದು ಬೇರೊಂದು ನಾಟಕವಾಗುತ್ತಿದ್ದಿತು.

ಕೋಟೆಗೂ ಈ ಮಾತು ಸಲ್ಲುವುದು. ಕೋಟೆಯ ಪ್ರಯೋಜನ ಬದಲಾಗಬಹುದು, ಬದಲಾಗಲೇಬೇಕು. ಗೋಡೆಯ ಎತ್ತರ ಅಲ್ಲಲ್ಲಿ ಕುಗ್ಗಿರಬಹುದು. ಆದರೆ ಊರಿನ ಒಳಗು ಯಾವುದು, ಹೊರಗು ಯಾವುದು, ಬಾಗಿಲು ಎಲ್ಲಿದ್ದಿತು, ಶತ್ರು ಯಾವ ಕಡೆಯಿಂದ ಬರಬಹುದೆಂದು ಕಟ್ಟಿದವರು ಹೆದರಿದ್ದರು ಎಂಬಿಷ್ಟನ್ನು ಕೋಟೆಯ ರೇಖೆಯೇ ಹೇಳುವುದು. ಉದ್ಯಾನದಲ್ಲಿ ನಡೆಯುವ ಮಗುವಿಗೆ ಈ ರೇಖೆಯು ಯಾರೂ ಹೇಳದೆ ಕಾಲಿಗೆ ತಿಳಿಯುವಂತಿದ್ದರೆ ರೂಪಾಂತರವು ಗೆದ್ದಿತು. ತಿಳಿಯದೆ ಹೋದರೆ, ತೋಟವು ಎಷ್ಟೇ ಸೊಗಸಾಗಿರಲಿ, ಕೋಟೆಯ ಮಟ್ಟಿಗೆ ಅದು ಸೋತಂತೆಯೇ.

ಮೈಸೂರು ನಗರದ ಉದಾಹರಣೆಯನ್ನು ನೋಡಬಹುದು. ಅರಮನೆಯನ್ನು ಸುತ್ತಿದ ಕೋಟೆಯ ಅಗಳು ಊರಿನ ಆರೋಗ್ಯಕ್ಕೆ ಕೇಡೆಂದು ಎಣಿಸಿ ಅದನ್ನು ತುಂಬಿಸಿದರು. ಹಾಗೆ ದೊರೆತ ನೆಲದಲ್ಲಿ ಕರ್ಜನ್ ಉದ್ಯಾನವು ಬೆಳೆಯಿತು. ಸೊಳ್ಳೆಯ ನೀರು ಹೋಗಿ ನೆರಳು ಬಂದುದು ಜನಕ್ಕೆ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಬೆಂಚಿನ ಮೇಲೆ ಕುಳಿತವನಿಗೆ ತಾನು ಅಗಳಿನ ಮೇಲೆ ಕುಳಿತಿರುವೆನೆಂಬ ಅರಿವು ಬರುವುದಿಲ್ಲ. ಆ ಉದ್ಯಾನದ ಹೆಸರು ಒಬ್ಬ ವೈಸರಾಯರನ್ನು ನೆನಪಿಗೆ ತರುವುದು, ಅಗಳನ್ನಲ್ಲ. ಪಕ್ಕದಲ್ಲಿಯೇ ಕೋಟೆಯ ಗೋಡೆ ನಿಂತಿದ್ದರೂ ಅದು ಅರಮನೆಯ ಆವರಣದ ಗೋಡೆಯೆಂದೇ ತೋರುವುದು. ವಾಕ್ಯದ ಒಂದು ಪದ ಅಳಿಸಿದಾಗ ಇನ್ನೊಂದು ಪದದ ಅರ್ಥ ಬದಲಾಗುವ ಬಗೆಗೆ ಇದು ನಿದರ್ಶನ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸಂಗತಿ ಬೇರೆ. ಅಲ್ಲಿಯ ಬಂಡೆಯ ಮೇಲಿರುವ ಕೆಂಪೇಗೌಡನ ಗೋಪುರವು ಊರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದೆಂದು ಪ್ರತೀತಿ. ತೋಟವು ಬಂಡೆಯ ಬುಡದವರೆಗೆ ಬಂದು ಅಲ್ಲಿಯೇ ನಿಂತಿದೆ. ಬಂಡೆಯನ್ನು ಹೂವಿನ ಮಡಿಗಳಿಂದ ಮುಚ್ಚುವ ಗೋಜಿಗೆ ಹೋಗಿಲ್ಲ. ಹತ್ತಿದವನು ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದಾಗ, ಈ ಗಡಿಯನ್ನು ಊರು ಎಂದೋ ದಾಟಿಹೋಗಿದೆಯೆಂಬುದು ಕಣ್ಣಿಗೆ ಹೊಳೆಯುವುದು. ಹೇಳದೆ ತಿಳಿಸುವುದೇ ಧ್ವನಿಯಾದರೆ ಇಲ್ಲಿ ಧ್ವನಿಯುಂಟು. ಅದೇ ನಗರದ ಕೋಟೆಯಲ್ಲಿ, ೧೭೯೧ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದ ಆ ಕಲ್ಲುಕೋಟೆಯಲ್ಲಿ, ದಿಲ್ಲಿ ಬಾಗಿಲಿನ ಭಾಗವೊಂದನ್ನು ಬಿಟ್ಟರೆ ಹೆಚ್ಚಿನದೇನೂ ಉಳಿದಿಲ್ಲ. ಅದರ ನೆಲವನ್ನು ಆಸ್ಪತ್ರೆ, ಶಾಲೆ, ರಸ್ತೆಗಳು ಹಂಚಿಕೊಂಡವು.

೪

ಹಾಸನ ಜಿಲ್ಲೆಯಲ್ಲಿಯೇ ಇರುವ ಒಂದು ಕೋಟೆಯು ಈ ವಿಚಾರವನ್ನು ದೂರದೇಶಕ್ಕೆ ಕೊಂಡೊಯ್ಯುವುದು. ಸಕಲೇಶಪುರದ ಬಳಿಯ ಮಂಜರಾಬಾದನ್ನು ಟಿಪ್ಪು ಸುಲ್ತಾನನು ೧೭೯೨ರ ಸುಮಾರಿನಲ್ಲಿ ಎಂಟು ಮೊನೆಯ ನಕ್ಷತ್ರದಂತೆ ಕಟ್ಟಿಸಿದನು. ಗುಂಡಿನ ಹೊಡೆತಕ್ಕೆ ಸಿಗದ ಮೂಲೆಯೇ ಉಳಿಯದಂತೆ ಗೋಡೆಯನ್ನು ಮಡಚಿ ಕಟ್ಟುವ ಈ ಶಾಸ್ತ್ರವು ಯೂರೋಪಿನಲ್ಲಿ ಬೆಳೆದು, ಫ್ರಾನ್ಸಿನ ವೋಬಾನನ ಕಾಲದಲ್ಲಿ ಪೂರ್ಣತೆಯನ್ನು ಮುಟ್ಟಿದ್ದಿತು. ಆ ಕೋಟೆಗೆ ಉದ್ಯಾನವು ಬೇಕಿಲ್ಲ. ಮಲೆನಾಡಿನ ಹುಲ್ಲೂ ಮಂಜೂ ಸಾಕು. ಆದರೆ ಅದೇ ಶಾಸ್ತ್ರವನ್ನನುಸರಿಸಿ ಕೋಟೆ ಕಟ್ಟಿಕೊಂಡಿದ್ದ ಯೂರೋಪಿನ ನಗರಗಳು, ಫಿರಂಗಿಗಳು ಬಲಿತು ಗೋಡೆಗಳು ನಿರುಪಯುಕ್ತವಾದಾಗ, ತಮ್ಮ ಕೋಟೆಗಳನ್ನು ಏನು ಮಾಡಿದವೆಂಬುದನ್ನು ಗಮನಿಸುವುದು ಉಚಿತ.

ವಿಯೆನ್ನಾ ನಗರವನ್ನು ೧೬೮೩ರಲ್ಲಿ ತುರುಕರ ಮುತ್ತಿಗೆಯಿಂದ ಉಳಿಸಿದ ಕೋಟೆಯನ್ನು ಕೆಡವಲು ೧೮೫೭ರಲ್ಲಿ ಚಕ್ರವರ್ತಿಯು ಅಪ್ಪಣೆಮಾಡಿದನು. ಆ ನೆಲದಲ್ಲಿ ವರ್ತುಲಾಕಾರದ ಮಹಾವೀಥಿಯೂ ಉದ್ಯಾನಗಳೂ ಅರಮನೆಯಂಥ ಕಟ್ಟಡಗಳೂ ಎದ್ದವು. ಊರಿನ ಸುತ್ತಳತೆಯ ರೇಖೆಯೇನೋ ಉಳಿಯಿತು. ಆದರೆ ಅದರ ಬಹುಭಾಗ ಭವನಗಳ ವೈಭವಕ್ಕೆ ಸಂದಿತು. ಪೋಲೆಂಡಿನ ಕ್ರಾಕೋವ್ ನಗರದವರು ೧೮೨೨ರಿಂದ ೧೮೩೦ರ ವರೆಗೆ, ಕೆಡವಿದ ಗೋಡೆಯ ಮತ್ತು ತುಂಬಿದ ಅಗಳಿನ ಜಾಗದಲ್ಲಿ ಊರಿನ ಸುತ್ತ ಉಂಗುರದಂತೆ ಮರಗಳ ಸಾಲುದೋಟವನ್ನು ಬೆಳೆಸಿದರು. ಒಂದು ಬಾಗಿಲನ್ನೂ ಅದರ ಮುಂದಣ ದುಂಡು ಬುರುಜನ್ನೂ ಉಳಿಸಿಕೊಂಡರು. ಅಲ್ಲಿಯ ಹಳೆಯ ಊರನ್ನು ತೋಟವನ್ನು ದಾಟದೆ ಹೊಗುವಂತಿಲ್ಲ. ಚಂಪೂಕವಿಯ ಕ್ರಮವನ್ನರಿಯದ ಜನರು ಚಂಪೂಕವಿಯ ಕ್ರಮದಲ್ಲಿಯೇ ತಮ್ಮ ಊರನ್ನು ಪುನಃ ಬರೆದುಕೊಂಡರು!

ಇಟಲಿಯ ಲುಕ್ಕಾ ಪಟ್ಟಣದವರು ಇನ್ನೂ ಮುಂದೆ ಹೋದರು. ಅವರು ಗೋಡೆಯನ್ನು ಕೆಡವಲೇ ಇಲ್ಲ. ಸುಮಾರು ನಾಲ್ಕು ಕಿಲೋಮೀಟರು ಸುತ್ತಳತೆಯ ಅಗಲವಾದ ಏರಿಯ ಮೇಲೆ ಮರಗಳ ಸಾಲನ್ನು ಬೆಳೆಸಿ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅದನ್ನು ಊರಿಗೆಲ್ಲ ತಿರುಗಾಡುವ ದಾರಿಯನ್ನಾಗಿ ಮಾಡಿಕೊಂಡರು. ೧೮೧೨ರಲ್ಲಿ ನದಿಯ ಪ್ರವಾಹ ಬಂದಾಗ ಆ ಗೋಡೆಯೇ ಪಟ್ಟಣವನ್ನು ಕಾಯಿತು. ಕಲ್ಲಿಟ್ಟಿಗೆಯಿಂದ ಭದ್ರವಾದ ಅಗಲವಾದ ಗೋಡೆಯಾದುದರಿಂದ ಅಲ್ಲಿ ಇದು ಸಾಧ್ಯವಾಯಿತು. ಪಾಳೆಯಗಾರನ ಮಣ್ಣುಗೋಡೆಯ ಮೇಲೆ ಇದನ್ನೇ ನಕಲುಮಾಡಹೊರಟರೆ ಫಲ ವಿಪರೀತವಾದೀತು. ಔಚಿತ್ಯವು ವಸ್ತುವನ್ನರಿತು ನಡೆಯುವುದೇ ಹೊರತು ಮಾದರಿಯನ್ನರಿತು ನಡೆಯುವುದಲ್ಲ.

೫

ಮಣ್ಣುಗೋಡೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಅದಕ್ಕೆ ನೀರೇ ಶತ್ರು. ಮಳೆಯ ನೀರು ಇಳಿದುಹೋಗುವಂತೆ ಇಳಿಜಾರಾಗಿದ್ದು, ಮೈಮೇಲೆ ಊರಿನ ಗರಿಕೆಯೋ ಬಯಲುಹುಲ್ಲೋ ಬೇರುಬಿಟ್ಟು ಮಣ್ಣನ್ನು ಹಿಡಿದಿದ್ದರೆ ಅದು ತಲೆಮಾರುಗಳವರೆಗೆ ನಿಲ್ಲುವುದು. ಅದರ ನೆತ್ತಿಯ ಮೇಲೆ ದಿನವೂ ನೀರು ಬೇಡುವ ಹುಲ್ಲುಹಾಸನ್ನು ಹಾಸಿದರೆ ಒಳಗೆ ನೆನೆದು ಕುಸಿಯುವುದು. ಕಲ್ಲುಕಟ್ಟಡದ ಸಂದಿಯಲ್ಲಿ ಅರಳಿಯೋ ಆಲವೋ ಹುಟ್ಟಿದರೆ ಬೇರು ಬಲಿತಂತೆ ಕಲ್ಲು ಬಾಯಿಬಿಡುವುದು. ಬುಡದಲ್ಲಿ ನೀರು ಮಡುಗಟ್ಟಿದರೆ ಗೋಡೆಯ ಕಾಲೇ ಕರಗುವುದು. ಹೂತೋಟಕ್ಕೆ ಯಾವುದು ಹಿತವೋ ಮಣ್ಣುಕೋಟೆಗೆ ಅದು ಅಹಿತ.

ಅಗಳಾದರೋ ಉದ್ಯಾನಕ್ಕಾಗಿಯೇ ತೋಡಿದಂತಿರುವುದು. ತಗ್ಗಾದ ನೆಲ, ತೇವವನ್ನು ಹಿಡಿಯುವ ಮಣ್ಣು, ಊರಿನ ಮಳೆನೀರು ಸಹಜವಾಗಿ ಇಳಿದುಬರುವ ಜಾಗ. ಹೊಲಸುನೀರನ್ನು ಬೇರೆ ದಾರಿಗೆ ತಿರುಗಿಸಿ ಮಳೆನೀರನ್ನಷ್ಟೇ ಬಿಟ್ಟುಕೊಂಡರೆ ಸುತ್ತಣ ಬಾವಿಗಳಿಗೂ ಊಟೆ ಹೆಚ್ಚುವುದು. ಹೊರದಡದಲ್ಲಿ ಹೊಂಗೆ, ಬೇವು, ಹುಣಿಸೆಗಳನ್ನು ಬೆಳೆಸಿದರೆ ಗೋಡೆಗೆ ಬೇರು ತಾಗದೆ ದಾರಿಗರಿಗೆ ನೆರಳು ದೊರೆಯುವುದು. ಹೈದರಾಲಿಯು ನೀರಿನ ಅಗಳನ್ನು ಸೇರಿಸಿದ ಚನ್ನರಾಯಪಟ್ಟಣದಂಥ ಊರಿಗೆ ಇದಕ್ಕಿಂತ ಉಚಿತವಾದ ಉದ್ಯಾನವನ್ನು ಕಲ್ಪಿಸುವುದು ಕಷ್ಟ. ಅಗಳು ಉಪವನವಾಗಲಿ, ಗೋಡೆ ಗೋಡೆಯಾಗಿಯೇ ಇರಲಿ ಎಂಬುದೇ ಈ ಸೀಮೆಯ ಕೋಟೆಗಳಿಗೆ ಒಪ್ಪುವ ಸೂತ್ರ. ಕಾವ್ಯಗಳ ಪುರವರ್ಣನೆಯೂ ಮಣ್ಣಿನ ಗುಣವೂ ಇಲ್ಲಿ ಒಂದೇ ಮಾತನ್ನಾಡುವುದು ಗಮನಾರ್ಹ.

ರೂಢಿಯಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಉದ್ಯಾನವೆಂದೊಡನೆ ಕಬ್ಬಿಣದ ಬೇಲಿ, ಗಾರೆಯ ಜಿಂಕೆ, ಬಣ್ಣದ ಕಾರಂಜಿ, ಪ್ರವೇಶದ ಚೀಟಿ ಇವು ಯಾವ ಊರಿಗಾದರೂ ಒಂದೇ ಬಗೆಯಾಗಿ ಬರುವುವು. ಕವಿಯ ಸ್ವಂತ ಕಾಣ್ಕೆಯಿಲ್ಲದಲ್ಲಿ ಕವಿಸಮಯಗಳೇ ತುಂಬಿದ ಕಾವ್ಯದಂತೆ ಅದು. ಅಲಂಕಾರವು ತನ್ನಷ್ಟಕ್ಕೆ ದೋಷವಲ್ಲ. ಸೊಂಟದ ಡಾಬನ್ನು ಕೊರಳಿಗೆ ಕಟ್ಟಿಕೊಂಡರೆ ನಗೆಗೀಡಾಗುವುದೆಂದು ಔಚಿತ್ಯವನ್ನು ಪ್ರತಿಪಾದಿಸಿದ ಕ್ಷೇಮೇಂದ್ರನು ಎಂದೋ ಎಚ್ಚರಿಸಿದ್ದಾನೆ.

೬

ಸಂರಕ್ಷಣೆಯ ಶಾಸನಗಳ ದೃಷ್ಟಿಯಿಂದಲೂ ಉದ್ಯಾನಪಕ್ಷಕ್ಕೆ ಒಂದು ಬಲವಾದ ಆಧಾರವುಂಟು. ಪ್ರಾಚೀನ ಸ್ಮಾರಕಗಳ ೧೯೫೮ರ ಕೇಂದ್ರ ಶಾಸನವು ರಾಷ್ಟ್ರೀಯ ಮಹತ್ವವುಳ್ಳ ಕಟ್ಟಡಗಳನ್ನು ಕಾಯುವುದು. ಬೇಲೂರು ಹಳೇಬೀಡುಗಳ ದೇವಾಲಯಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿದುವು. ಆದರೆ ಒಂದು ತಾಲ್ಲೂಕು ಪಟ್ಟಣದ ಅರ್ಧ ಕರಗಿದ ಮಣ್ಣೇರಿಯು ಇಂಥ ಪಟ್ಟಿಗಳನ್ನು ಸೇರುವುದು ಸುಲಭವಲ್ಲ. ಸ್ಮಾರಕವೆನಿಸಲು ಅದಕ್ಕೆ ಚೆಲುವು ಸಾಲದು; ನಿವೇಶನವೆನಿಸಲು ಯಾವ ಅಡ್ಡಿಯೂ ಇಲ್ಲ. ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ಕಾಯುವ ಶಾಸನವನ್ನು ಕರ್ನಾಟಕವು ೧೯೮೫ರಲ್ಲಿ ಮಾಡಿಕೊಂಡಿದೆ. ಸ್ಮಾರಕವೆಂಬ ಹೆಸರಿನಿಂದ ಉಳಿಯಲಾರದ ಕೋಟೆಯು ಉದ್ಯಾನವೆಂಬ ಹೆಸರಿನಿಂದ ಉಳಿಯಬಹುದು. ಹೀಗಿರಲಾಗಿ ಉದ್ಯಾನವೆಂದರೆ ಮೂಗುಮುರಿಯುವ ಇತಿಹಾಸಾಭಿಮಾನಿಗಳು ತಮ್ಮ ಮಿತ್ರನನ್ನೇ ಶತ್ರುವೆಂದು ಭ್ರಮಿಸುತ್ತಿರುವರೆಂದು ಹೇಳಬೇಕಾಗಿದೆ.

ಇನ್ನೊಂದು ಮಾತನ್ನು ಮರೆಯತಕ್ಕುದಲ್ಲ. ಹಳೆಯ ಕೋಟೆಗಳ ಏರಿಯ ಮೇಲೂ ಅಗಳಿನ ಅಂಚಿನಲ್ಲಿಯೂ ಬೇರೆಲ್ಲಿಯೂ ನೆಲೆಯಿಲ್ಲದ ಬಡವರು ಮನೆ ಕಟ್ಟಿಕೊಂಡಿರುವುದುಂಟು. ಊರಿಗೆ ಉಸಿರಾಡಲು ಎಡೆ ಬೇಕೆಂದು ಅವರ ನೆಲೆಯನ್ನು ಕಿತ್ತುಹಾಕಿ, ಬೇರೆ ನೆಲೆಯನ್ನು ಕೊಡದೆ ಬೆಳೆಸಿದ ತೋಟವು ಇನ್ನೊಂದು ಬಗೆಯ ಕೋಟೆಯೇ ಸರಿ. ಹಿಂದೆ ಬಿಟ್ಟಿಯಿಂದ ಕಟ್ಟಿದ್ದನ್ನು ಈಗ ಎತ್ತಂಗಡಿಯಿಂದ ಕಟ್ಟಿದಂತಾಗುವುದು. ಮೊದಲು ಮನೆ, ಆಮೇಲೆ ಮರ ಎಂಬ ಕ್ರಮವನ್ನು ತಪ್ಪಿದರೆ ಉಳಿದೆಲ್ಲ ಔಚಿತ್ಯವೂ ವ್ಯರ್ಥ.

೭

ಕಡೆಯದಾಗಿ, ಸಾಹಿತ್ಯಕ್ಕೆ ಸೇರಿದ ಒಂದು ಕೊರತೆಯನ್ನು ಹೇಳಬೇಕು. ಚಿತ್ರದುರ್ಗದ ಕೋಟೆಗೆ ತ. ರಾ. ಸುಬ್ಬರಾಯರಂಥ ಕಾದಂಬರಿಕಾರರು ದೊರೆತರು. ೧೯೮೨ರ ‘ದುರ್ಗಾಸ್ತಮಾನ’ವನ್ನು ಓದಿದವನು ಅಲ್ಲಿಯ ಬತೇರಿ ಬಾಗಿಲುಗಳನ್ನು ಬರಿಯ ಕಲ್ಲೆಂದು ನೋಡಲಾರನು. ಹಾಸನ ಸೀಮೆಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ದೊರೆತರು; ಹೇಮಾವತಿಯೂ ಹಳ್ಳಿಯ ಬಾಳೂ ಅವರ ಬರಹದಲ್ಲಿ ಚಿರಂತನವಾದುವು. ಚನ್ನರಾಯಪಟ್ಟಣದ ಸೀಮೆಯಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರಿಂದ ಅಲ್ಲಿಯ ಗ್ರಾಮಜೀವನವು ಕಾದಂಬರಿಗೆ ಬಂದಿತು. ಹೊಳೆಗೂ ಹಳ್ಳಿಗೂ ದೊರೆತ ಈ ಭಾಗ್ಯವು ಇಲ್ಲಿಯ ಪಟ್ಟಣದ ಕೋಟೆಗಳಿಗೆ ದೊರೆಯಲಿಲ್ಲ. ಕಥೆಯಿಲ್ಲದ ಕೋಟೆಯು ಬರಿಯ ನೆಲ. ಬರಿಯ ನೆಲವನ್ನು ಯಾರು ಏನು ಮಾಡಿದರೂ ಕೇಳುವವರಿರುವುದಿಲ್ಲ.

ಆದುದರಿಂದ ತೋಟಗಾರನಿಗಿಂತ ಮುಂಚೆ ಬರಹಗಾರನು ಕೋಟೆಗೆ ಹೋಗಬೇಕಾಗಿದೆ. ಬಾಗಿಲುಗಳ ಹೆಸರು, ಕೊತ್ತಳಗಳ ಹೆಸರು, ಕೋಟೆಯ ಹೆಸರನ್ನು ಮುಂದಿಟ್ಟುಕೊಂಡ ದೇವರುಗಳು, ಅಗಳಿನಲ್ಲಿ ಈಜು ಕಲಿತವರ ನೆನಪು, ಏರಿಯ ಮಣ್ಣಿನ ಬಗೆಗೆ ಒಕ್ಕಲಿಗರಾಡುವ ಮಾತು, ಯಾವ ಕೇರಿಯು ಗೋಡೆಯೊಳಗಿದ್ದಿತು ಯಾವುದು ಹೊರಗಿದ್ದಿತು, ಹೊರಗಿಡಲ್ಪಟ್ಟವರು ಯಾರು ಎಂಬ ವಿವರ: ಇವೆಲ್ಲ ಹಿರಿಯರ ಬಾಯಲ್ಲಿ ಇರುವಾಗಲೇ ಹಾಳೆಗೆ ಇಳಿಯಬೇಕು. ಇದು ದೊಡ್ಡ ಕವಿಯನ್ನು ಕಾಯಬೇಕಾದ ಕೆಲಸವಲ್ಲ. ಊರೂರಿನ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮಾಡಬಲ್ಲ ಕೆಲಸ. ಅಂಥ ಬರಹವೊಂದು ಮೊದಲೇ ಸಿದ್ಧವಾಗಿದ್ದರೆ ತೋಟದ ನಕ್ಷೆಯನ್ನು ಬರೆಯುವವನು ಎಲ್ಲಿ ದಾರಿಯನ್ನು ತಿರುಗಿಸಬೇಕು, ಎಲ್ಲಿ ಕಲ್ಲನ್ನು ಹಾಗೆಯೇ ಬಿಡಬೇಕು ಎಂಬುದನ್ನು ತಿಳಿಯುವನು. ಇಲ್ಲದಿದ್ದರೆ ಅವನು ಸಮನಾದ ನೆಲವನ್ನೇ ಬಯಸುವನು. ಸಮಮಾಡಿದ ನೆಲದಲ್ಲಿ ಕೋಟೆಯನ್ನು ಮತ್ತೆ ಹುಡುಕುವುದು ಯಾರಿಂದಲೂ ಆಗದು.